ಲುಬಾನ್ ನೀರು, ಅರಿಸಿನದ ಹಾಲು
(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಹಬ್ಬದ ಊಟಕ್ಕೆ ಮುಂಚೆ ವೈದ್ಯರ ಕೈಗೆ ಮೈಕು ಕೊಟ್ಟರೆ ಸಕ್ಕರೆ, ಉಪ್ಪು ಎಂದು ಹೋಳಿಗೆಯ ರುಚಿ ಕೆಡಿಸಿಯಾರು ಎಂಬ ಭಯ ತಮಗಿರಬಹುದು. ಇಂದು ಆ ಮಾತಿಲ್ಲ. ನಮ್ಮೆಲ್ಲರ ಅಡುಗೆಮನೆಯಲ್ಲೇ ಇರುವ ಮದ್ದಿನ ಬಗ್ಗೆ ನಾಲ್ಕು ಮಾತು.

ಊರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಮಂಡಿನೋವೆಂದು ನಮ್ಮಲ್ಲಿಗೆ ಬಂದರು. ಮತ್ರಾ ಸೂಕಿನಿಂದ ತಂದ ಲುಬಾನನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಕುಡಿಯುತ್ತಿದ್ದರು. ಮಂಡಿಗೆ ಲುಬಾನ್ ಎಣ್ಣೆ ಹಚ್ಚುತ್ತಿದ್ದರು. ಜೊತೆಗೆ ಮೆಣಸಿನ ಸಾರ ಸೇರಿಸಿದ ಅರಿಸಿನದ ಮಾತ್ರೆ. "ಎಲ್ಲಾ ಗಿಡಮೂಲಿಕೆ ತಾನೇ ಡಾಕ್ಟ್ರೇ, ಕೆಟ್ಟದ್ದೇನು ಮಾಡೀತು?" ಎಂದರು. ಆದರೆ ಅವರು ಹೃದಯದ ತೊಂದರೆಗೆ ವಾರ್ಫರಿನ್ ಕೂಡ ನುಂಗುತ್ತಿದ್ದರು. ಪರೀಕ್ಷಿಸಿದಾಗ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಮಿತಿಮೀರಿತ್ತು. ಎಲ್ಲಿಯಾದರೂ ಜಾರಿ ಬಿದ್ದಿದ್ದರೆ ಪ್ರಾಣಕ್ಕೇ ಸಂಚಕಾರ.

ಮೊದಲು ಲುಬಾನಿನ ವಿಷಯ. ಧೋಫಾರಿನ ಈ ಮರ ನಮ್ಮ ಆಯುರ್ವೇದದ ಶಲ್ಲಕಿಯ ಸೋದರಿ. ಅದರ ಒಂದು ಹರಳಿನಲ್ಲಿ ಮೂರು ಬಗೆಯ ವಸ್ತುಗಳಿವೆ: ನೀರಿನಲ್ಲಿ ಕರಗುವ ಅಂಟು, ಪರಿಮಳದ ತೈಲ ಮತ್ತು ರಾಳ. ಉರಿಯೂತ ತಗ್ಗಿಸುವ ಗುಣಕ್ಕಾಗಿ ವಿಜ್ಞಾನಿಗಳು ಹೆಚ್ಚು ಪರೀಕ್ಷಿಸಿರುವ ಬಾಸ್ವೆಲಿಕ್ ಆಮ್ಲಗಳು ಇರುವುದು ರಾಳದಲ್ಲಿ. ಇವು ನೀರಿನಲ್ಲಿ ಕರಗುವುದು ಅತ್ಯಲ್ಪ; ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತವೆ. ಹಬೆಯಲ್ಲಿ ಭಟ್ಟಿ ಇಳಿಸಿದರೆ ಹಗುರವಾದ ಪೈನೀನ್ ಮೊದಲಾದವು ಮೇಲೇರಿ ಎಣ್ಣೆಯಾಗುತ್ತವೆ. ಭಾರವಾದ ಬಾಸ್ವೆಲಿಕ್ ಆಮ್ಲ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಅಂದರೆ ನೀರು, ಎಣ್ಣೆ, ಮಾತ್ರೆ ಮೂರೂ ಒಂದೇ ಮರದ್ದಾದರೂ ಮೂರು ಬೇರೆ ಬೇರೆ ಮದ್ದು.

ತೆಗೆಯುವ ವಿಧಾನಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಚೀನಾದ ತು ಯುಯು ಅವರೇ ಸಾಕ್ಷಿ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಅವರಿಗೆ ಚಿಂಗ್‌ಹಾವ್ ಎಂಬ ಗಿಡದಿಂದ ಸ್ಥಿರವಾದ ಫಲ ಸಿಗುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ಅದನ್ನು ಕುದಿಸಲು ಹೇಳಿರಲಿಲ್ಲ. ನೀರಿನಲ್ಲಿ ನೆನೆಸಿ, ಹಿಂಡಿ ಕುಡಿಯಲು ಹೇಳಿದ್ದ. ಶಾಖವೇ ಸಾರವನ್ನು ಕೆಡಿಸುತ್ತಿರಬಹುದೆಂದು ಆಕೆ 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಬಳಸಿದರು. ಹೀಗೆ ದೊರೆತದ್ದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು.

ನಮ್ಮ ಅಜ್ಜಿಯರೂ ಕಡಿಮೆಯೇನಲ್ಲ. ಅರಿಸಿನದ ಕುರ್ಕ್ಯುಮಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಅವರು ಹಾಲಿಗೆ ಹಾಕಿ, ಕಾಳುಮೆಣಸು ಕುಟ್ಟಿ ಸೇರಿಸಿದರು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು, 2 ಗ್ರಾಂ ಕುರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಅದು ದೇಹಕ್ಕೆ ದಕ್ಕುವ ಪ್ರಮಾಣ ಶೇಕಡಾ 2000ದಷ್ಟು ಏರಿತೆಂದು ಪ್ರಕಟಿಸಿದರು.

ಇಲ್ಲೇ ಎಚ್ಚರ ಬೇಕು. ಹಾಲಿಗೆ ಹಾಕುವ ಚಿಟಿಕೆ ಅರಿಸಿನ ಬೇರೆ, ಸಾರ ಹಿಂಡಿ ತುಂಬಿದ ಮಾತ್ರೆ ಬೇರೆ. ಪೈಪರಿನ್ ಇತರ ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಆ ಹಿರಿಯರ ಅರಿಸಿನದ ಮಾತ್ರೆ ನಿಲ್ಲಿಸಿ, ವಾರ್ಫರಿನ್ ಪ್ರಮಾಣ ಸರಿಪಡಿಸಿದೆವು. ಕೆಲವು ದಿನಗಳಲ್ಲಿ ರಕ್ತ ಹದಕ್ಕೆ ಬಂತು. ಮೂರರಲ್ಲಿ ಯಾವುದು ಕಾರಣವೆಂದು ಖಚಿತವಾಗಿ ಹೇಳಲಾರೆವು. ನಮ್ಮ ಸಂಶಯ ಮಾತ್ರೆಯ ಮೇಲೆ. ಮೊದಲ ದಿನವೇ "ಮನೆಮದ್ದು ಏನು ತೆಗೆದುಕೊಳ್ಳುತ್ತೀರಿ?" ಎಂದು ಕೇಳದಿದ್ದರೆ ಅದು ನಮ್ಮ ತಪ್ಪು, ಕೇಳಿದಾಗ ಮುಚ್ಚಿಟ್ಟರೆ ತಮ್ಮದು.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿ. ತುಳಸಿ, ಓಮದ ಕಷಾಯವನ್ನು ಮುಚ್ಚಿ ಕಾಯಿಸಿ. ಘಮ ಮನೆ ತುಂಬಿದರೆ ಲೋಟದಲ್ಲಿ ಉಳಿಯುವುದು ಕಡಿಮೆ. ಸುಗಂಧ ತೈಲವನ್ನು ಕುಡಿಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಊರಿನಿಂದ ಅಪ್ಪ ಅಮ್ಮ ಬಂದಾಗ ಉಪ್ಪಿನಕಾಯಿ ಭರಣಿಯ ಜೊತೆ ಅವರ ಮದ್ದಿನ ಚೀಲವನ್ನೂ ಬಿಚ್ಚಿ ನೋಡಿ, ವೈದ್ಯರಿಗೆ ತೋರಿಸಿ.

ತಮಗೆಲ್ಲ ಆಯುರಾರೋಗ್ಯ ಹಾರೈಸುತ್ತಾ, ಹೋಳಿಗೆ ಆರುವ ಮುನ್ನ ವಿರಮಿಸುತ್ತೇವೆ.