ಬೇಸಿಗೆಯ ಟೊಮೇಟೊ ಮತ್ತು ಮನೆಯ ಬೀಜ

ಯುಗಾದಿ ಕಳೆದು ಬಿಸಿಲು ಏರತೊಡಗಿತೆಂದರೆ ನಮ್ಮ ಪಟ್ಟಣದ ಸಂತೆಗೆ ಹೊಸದೊಂದು ಕಳೆ ಬರುತ್ತದೆ. ಬೂದುಗುಂಬಳ, ಸಿಹಿಗುಂಬಳಗಳು ನೆಲದ ಮೇಲೆ ರಾಶಿ ಬೀಳುತ್ತವೆ. ಸೌತೆ, ಹೀರೆ, ಬೆಂಡೆ, ಅಲಸಂದೆ ಒಂದು ಕಡೆ. ಉಪ್ಪಿನಕಾಯಿಯ ಮಾವು ಇನ್ನೊಂದು ಕಡೆ. ಇವುಗಳ ನಡುವೆ ಟೊಮೇಟೊ ಎರಡು ಬಗೆಯಾಗಿ ಕುಳಿತಿರುತ್ತದೆ. ಒಂದು ಬಗೆ ಮೊಟ್ಟೆಯಾಕಾರದ್ದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎಲ್ಲವೂ ಸಮ, ಎಲ್ಲವೂ ಕೆಂಪು. ಇನ್ನೊಂದು ಬಗೆ ಚಪ್ಪಟೆ. ಮೈಮೇಲೆ ಏಣು, ತೊಟ್ಟಿನ ಸುತ್ತ ಹಸಿರು, ಅಲ್ಲೊಂದು ಇಲ್ಲೊಂದು ಬಿರುಕು. ಮೊದಲನೆಯದರ ಮುಂದೆ ಜನ ನಿಲ್ಲುತ್ತಾರೆ. ಎರಡನೆಯದನ್ನು ಮುಟ್ಟಿ, ಒತ್ತಿ ನೋಡಿ, ಮುಂದೆ ಹೋಗುತ್ತಾರೆ.

ಆ ಎರಡನೆಯ ಹಣ್ಣಿನ ಪರವಾಗಿ ಕೆಲವು ಮಾತು ಹೇಳಬೇಕೆಂದು ಬಂದಿದ್ದೇನೆ. ನಾನು ಕೃಷಿತಜ್ಞನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು. ನನಗೊಂದು ಸಣ್ಣ ಹಿತ್ತಲುಂಟು. ಅದರ ಸಂಬಂಧವಾಗಿ ನಾನು ಮಾಡಿದ ದೊಡ್ಡ ತಪ್ಪೊಂದೂ ಉಂಟು. ಆ ತಪ್ಪೇ ಈ ಮಾತುಗಳಿಗೆ ಕಾರಣ.

ಟೊಮೇಟೊ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಅದರ ಕಾಡುಬಂಧುಗಳು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಕಡೆಯವು. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಬೇಸಾಯಕ್ಕೆ ಒಗ್ಗಿಸಿದರು. ಅವರ ನುಡಿಯ ‘ತೊಮಾತ್ಲ್’ ಎಂಬ ಪದವೇ ಸ್ಪೇನಿನವರ ಬಾಯಿಂದ ಯೂರೋಪಿಗೆ ಹೋಗಿ, ಹಡಗು ಹತ್ತಿ ನಮ್ಮಲ್ಲಿಗೂ ಬಂದಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಅನ್ಯದೇಶ್ಯ. ಆದರೆ ನಮ್ಮವರು ಇದಕ್ಕೆ ಚಪ್ಪರಬದನೆ ಎಂದೂ ಹೆಸರಿಟ್ಟರು. ಹೂವನ್ನೂ ಎಲೆಯನ್ನೂ ನೋಡಿ, ಇದು ಬದನೆಯ ಕುಲದ್ದು ಎಂದು ಸಸ್ಯಶಾಸ್ತ್ರ ಓದದೆಯೇ ಕಂಡುಕೊಂಡರು. ಹೊರಗಿನ ಪದವೊಂದು ನಾಲಗೆಯಿಂದ ನಾಲಗೆಗೆ ಸಾಗುತ್ತ ಕನ್ನಡದ್ದೇ ಆಗಿಬಿಡುವಂತೆ, ಈ ಗಿಡವೂ ಹಿತ್ತಲಿಂದ ಹಿತ್ತಲಿಗೆ ಸಾಗುತ್ತ ಇಲ್ಲಿನ ಬಿಸಿಲಿಗೆ, ಇಲ್ಲಿನ ಮಣ್ಣಿಗೆ, ನಮ್ಮ ಸಾರಿನ ಹುಳಿಗೆ ಹೊಂದಿಕೊಂಡಿತು. ನಾಟಿ ಎಂದು ನಾವು ಕರೆಯುವುದು ಹೀಗೆ ನೆಲೆನಿಂತ ಅತಿಥಿಯನ್ನು.

ನಮ್ಮ ತಾಯಿಯವರ ಹಿತ್ತಲಲ್ಲಿ ಇಂಥದೊಂದು ತಳಿಯಿತ್ತು. ಬಚ್ಚಲ ನೀರು ಹರಿಯುವ ಕಡೆ ನಾಲ್ಕಾರು ಗಿಡ. ಗೊಬ್ಬರವೆಂದರೆ ಕೊಟ್ಟಿಗೆಯದು, ಹುಳಕ್ಕೆ ಮದ್ದೆಂದರೆ ಒಲೆಯ ಬೂದಿ. ಹಣ್ಣು ಮುಷ್ಟಿಯಷ್ಟು, ಸಿಪ್ಪೆ ತೆಳು. ಕೊಯ್ದ ಎರಡನೆಯ ದಿನಕ್ಕೆ ಮೆತ್ತಗಾಗುತ್ತಿತ್ತು. ಆದರೆ ಅದರ ತಿಳಿಸಾರಿಗೆ ಹುಣಸೆಹಣ್ಣು ಬೇಕಾಗಿರಲಿಲ್ಲ. ಮೊದಲ ಸುಗ್ಗಿಯಲ್ಲಿಯೇ ಒಳ್ಳೆಯ ಗಿಡವೊಂದಕ್ಕೆ ಬಟ್ಟೆಯ ಚೂರು ಕಟ್ಟಿ, “ಇದು ಬೀಜಕ್ಕೆ, ಯಾರೂ ಮುಟ್ಟಬೇಡಿ” ಎಂದು ಅವರು ಸಾರುತ್ತಿದ್ದರು.

ಅವರು ತೀರಿಕೊಂಡಾಗ ಬೀಜದ ಸೀಸೆ ನನ್ನ ಕೈಗೆ ಬಂದಿತು. ಅದನ್ನು ಅವರ ಕನ್ನಡಕದ ಜೊತೆಯಲ್ಲಿ, ಪೂಜ್ಯಭಾವದಿಂದ, ಕಪಾಟಿನಲ್ಲಿಟ್ಟೆ. ಒಂಬತ್ತು ವರ್ಷ ಇಟ್ಟೆ! ಕೊನೆಗೊಂದು ಮಾಘಮಾಸದಲ್ಲಿ ಮಡಿ ಮಾಡಿ ಬಿತ್ತಿದೆ. ಹದಿನೈದು ದಿನ ನೀರು ಹನಿಸಿದೆ. ಒಂದು ಮೊಳಕೆಯೂ ಏಳಲಿಲ್ಲ. ನಮ್ಮ ಸೆಖೆಯಲ್ಲಿ ಮನೆಯೊಳಗಿಟ್ಟ ಟೊಮೇಟೊ ಬೀಜ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬಾಳುವುದು ಕಷ್ಟವೆಂದು ಆಮೇಲೆ ತಿಳಿಯಿತು. ಬೀಜವೆಂದರೆ ಒಡವೆಯಲ್ಲ, ಉಸಿರಾಡುವ ವಸ್ತು ಎಂಬುದು ನನಗೆ ಹೊಳೆದಿರಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮ ಹಳೆಯ ಮನೆಯ ಹಿಂದಿನ ಬೀದಿಯ ಅಜ್ಜಿಯೊಬ್ಬರು ಮಡಿಲಿನಿಂದ ನಾಲ್ಕು ಹಣ್ಣು ತೆಗೆದು ಕೊಟ್ಟರು. ಚಪ್ಪಟೆ, ಏಣು, ಹಸಿರು ಹೆಗಲು! ನಾನು ಬೆರಗಾಗಿ ನಿಂತೆ. “ನಿಮ್ಮವ್ವಾರು ಕೊಟ್ಟ ಬೀಜಾನೇ ಕಣಪ್ಪ. ಒಂದ್ ವರ್ಸ ಮಳೆಗೆ ನಮ್ದೆಲ್ಲಾ ಕೊಳ್ತೋಯ್ತು. ನಾದಿನೀಗೆ ಕೊಟ್ಟಿದ್ದೆ, ಅವಳತ್ರ ಇಸ್ಕೊಂಡ್ ಬಂದೆ” ಎಂದರು. ಶ್ರೋತೃಗಳೇ, ನಾನು ಜೋಪಾನ ಮಾಡಿದ ಬೀಜ ಸತ್ತಿತ್ತು. ನಮ್ಮ ತಾಯಿ ಕೈಯೆತ್ತಿ ಕೊಟ್ಟ ಬೀಜ ಎರಡು ಮನೆ ಸುತ್ತಿ ಬದುಕಿ ಬಂದಿತ್ತು.

ಇನ್ನು ಹೈಬ್ರಿಡ್ ಹಣ್ಣಿನ ವಿಷಯ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನಲ್ಲಿ ಮನಮೋಹನ ಅತ್ತಾವರ ಅವರು 1965ರಲ್ಲಿ ಕಟ್ಟಿದ ಬೀಜಸಂಸ್ಥೆಯಿಂದ, ನಮ್ಮ ರಾಜ್ಯಕ್ಕೆ ಹೊಸ ಹೆಸರು ಬಂದ 1973ರಲ್ಲಿ, ‘ಕರ್ನಾಟಕ’ ಎಂಬ ಹೆಸರಿನದೇ ಹೈಬ್ರಿಡ್ ಟೊಮೇಟೊ ಹೊರಬಂದಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ರಕ್ಷಕ್’ ಎಲೆಮುರುಟು, ಸೊರಗು, ಎಲೆಚುಕ್ಕೆ ಈ ಮೂರು ಬಗೆಯ ರೋಗಗಳನ್ನು ತಡೆಯುವ ಹೈಬ್ರಿಡ್. ಕೋಲಾರದ ರೈತ ಹಣ್ಣನ್ನು ಲಾರಿಯಲ್ಲಿ ದೂರದ ರಾಜ್ಯಗಳಿಗೆ ಕಳುಹಿಸಬೇಕು. ಎರಡು ದಿನಕ್ಕೆ ಮೆತ್ತಗಾಗುವ ಹಣ್ಣನ್ನು ನೆಚ್ಚಿ ಅವನು ಸಾಲ ತೀರಿಸಲಾರ.

ಆದರೆ ಎರಡು ಮಾತು ನೆನಪಿನಲ್ಲಿಡಬೇಕು. ಮೊದಲನೆಯದು ಬೀಜದ್ದು. ಟೊಮೇಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದುದರಿಂದ ನಾಟಿ ಹಣ್ಣಿನ ಬೀಜ ಬಿತ್ತಿದರೆ ತಾಯಿಯಂಥದೇ ಮಗಳು. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಒಂದು ಯಾರ ಹಾಗೂ ಅಲ್ಲ. ವರ್ಷವರ್ಷವೂ ಅಂಗಡಿಯ ಬೀಜವೇ ಗತಿ. ಸುಧಾರಿತ ತಳಿಗಳೆಲ್ಲವೂ ಹೀಗಲ್ಲ. ‘ಅರ್ಕಾ ವಿಕಾಸ್’, ‘ಅರ್ಕಾ ಸೌರಭ್’ ಮುಂತಾದವುಗಳ ಬೀಜವನ್ನು ಎತ್ತಿಡಬಹುದು.

ಎರಡನೆಯದು ರುಚಿಯದು. ಎಲ್ಲ ಹಣ್ಣೂ ಮೈತುಂಬ ಒಂದೇ ಸಮನಾಗಿ ಕೆಂಪಾಗಲೆಂದು ಬೆಳೆಗಾರರು ದಶಕಗಳ ಕಾಲ ತಳಿಗಳನ್ನು ಆರಿಸಿದರು. ಹಾಗೆ ಆರಿಸುವಾಗ, ಕಾಯಿಯ ಹೆಗಲಿಗೆ ಗಾಢ ಹಸಿರು ಕೊಡುವ ಗುಣ ಕೆಟ್ಟುಹೋದ ಗಿಡಗಳೇ ಆಯ್ಕೆಯಾದವು. ಆ ಹಸಿರೇ ಬಿಸಿಲನ್ನು ಹಿಡಿದು ಕಾಯಿಗೆ ಸಕ್ಕರೆ ಸೇರಿಸುವುದರಲ್ಲಿ ನೆರವಾಗುತ್ತದೆ ಎಂದು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಚೆಂದ ಮಾಡಹೋಗಿ ನಾಲಗೆಗೆ ಅನ್ಯಾಯವಾಯಿತು. ಮಾಡಿದವರು ಯಾರು? ಒತ್ತಿ ನೋಡಿ ಮುಂದೆ ಹೋದ ನಾವೇ. ಪೇಟೆಯಲ್ಲಿ ನಮ್ಮ ಹೆಬ್ಬೆರಳು ಒಪ್ಪಿದ್ದು ಹೊಲದಲ್ಲಿ ಉಳಿಯುತ್ತದೆ, ಒಪ್ಪದಿದ್ದುದು ಅಳಿಯುತ್ತದೆ.

ಕೊಳ್ಳುವವರು ಬಯಸಿದರೆ ಉಳಿಯುವುದೂ ಉಂಟು. ಉಡುಪಿಯ ಸಮೀಪದ ಮಟ್ಟು ಗ್ರಾಮದ ಗುಳ್ಳಬದನೆಯನ್ನು ನೋಡಿ. ವಾದಿರಾಜರ ಹೆಸರಿನೊಡನೆ ಹೊಂದಿಕೊಂಡ ಐತಿಹ್ಯ, ಮಠದ ಅಡಿಗೆ, ಆ ಸೀಮೆಯ ಜನರ ಹಟ, ಇವುಗಳ ಬಲದಿಂದ ಅದು ನಿಂತಿತು. 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಕರಾವಳಿಯ ಮನೆಗಳಲ್ಲಿ ಬೇಸಿಗೆಯ ಗದ್ದೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗಹಾಕುತ್ತಿದ್ದರು. ಆಟಿಯ ಮಳೆಯಲ್ಲಿ ಹುಳಿಗೆ ಕಾಯಿಯೂ ಆಯಿತು, ಬರುವ ವರ್ಷಕ್ಕೆ ಬೀಜವೂ ಆಯಿತು.

ಪಟ್ಟಣದವರಾದ ನಾವು ಏನು ಮಾಡಬಹುದು? ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಏಣಿನ ಹಣ್ಣನ್ನು ಕೊಳ್ಳೋಣ. ಆ ಆಕಾರದ ಹೈಬ್ರಿಡ್ಡನ್ನೂ ನಾಟಿಯೆಂದು ಮಾರುವುದುಂಟು. ಬೀಜ ಮನೆಯದೇ ಎಂದು ಮಾರುವವರನ್ನು ಕೇಳೋಣ. ತಂದುದನ್ನು ಫ್ರಿಜ್ಜಿನಲ್ಲಿಡಬೇಡಿ, ತಂಪು ತಾಗಿದರೆ ಪರಿಮಳ ಕುಗ್ಗುತ್ತದೆ. ಆ ದಿನವೇ ಗೊಜ್ಜು ಮಾಡಿ.

ಒಂದು ಹಣ್ಣನ್ನು ಮಾತ್ರ ಬೀಜಕ್ಕೆ ಬಿಡಿ. ಚೆನ್ನಾಗಿ ಕಳಿತ ಹಣ್ಣನ್ನು ಬಟ್ಟಲಿಗೆ ಹಿಂಡಿ, ಎರಡು ದಿನ ನೆರಳಿನಲ್ಲಿಟ್ಟರೆ ಬೀಜದ ಸುತ್ತಲಿನ ಲೋಳೆ ಹುಳಿತು ಬಿಡುತ್ತದೆ. ನೀರು ಹೊಯ್ದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ತೊಳೆದು, ತಟ್ಟೆಯಲ್ಲಿ ಹರಡಿ, ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದ ಬೂದಿಯೊಡನೆ ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಮೇಲೆ ವರ್ಷವನ್ನು ಬರೆಯಿರಿ. ಮಾಳಿಗೆಯ ಮೇಲಿನ ಕುಂಡವೂ ಒಂದು ಗಿಡಕ್ಕೆ ಸಾಕು.

ಬೀಜ ಎತ್ತಿಟ್ಟು ಬಿತ್ತುವ, ವಿನಿಮಯ ಮಾಡುವ, ಹಂಚುವ ರೈತನ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆಯ ಕಾನೂನು ಮಾನ್ಯಮಾಡಿದೆ. ಆದರೆ ಹಕ್ಕು ಕಾಗದದಲ್ಲಿದ್ದು ಬೀಜ ಕಪಾಟಿನಲ್ಲಿದ್ದರೆ ಏನು ಫಲ?

ಊರಿನ ಅಜ್ಜಿ ಕೊಟ್ಟ ನಾಲ್ಕು ಹಣ್ಣುಗಳಲ್ಲಿ ಮೂರನ್ನು ಸಾರು ಮಾಡಿದೆವು. ನಾಲ್ಕನೆಯದರ ಬೀಜ ಈಗ ನಮ್ಮ ಹಿತ್ತಲಿನಲ್ಲಿದೆ. ಅಷ್ಟೇ ಅಲ್ಲ, ನನ್ನ ಹನ್ನೊಂದು ಮಂದಿ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇದೆ. ಅದನ್ನು ಕೊಡುವಾಗ ಒಂದೇ ಷರತ್ತು ಹಾಕಿದ್ದೇನೆ: ಬೆಳೆದವರು ಇನ್ನೆರಡು ಮನೆಗೆ ಕೊಡಬೇಕು. ಮುಂದೆಂದಾದರೂ ನಮ್ಮ ಹಿತ್ತಲು ಕೊಳೆತುಹೋದರೆ ನಾನೂ ಯಾವುದೋ ಮನೆಯ ಬಾಗಿಲಿಗೆ ಹೋಗಿ ಕೈಯೊಡ್ಡಬಹುದಲ್ಲವೇ?