ಮಳೆ ನಿಲ್ಲಲಿ ಎಂದು ಕಾಯದಿರೋಣ
(ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ – ಜೂನ್ 29)



ಪೇತ್ರ-ಪೌಲರ ಹಬ್ಬ ಬರುವುದೇ ಮುಂಗಾರಿನ ನಡುವೆ. ಇಂದು ನಾವೆಲ್ಲರೂ ಕೊಡೆ ಹಿಡಿದೇ ದೇವಾಲಯಕ್ಕೆ ಬಂದಿದ್ದೇವೆ. ಬಾಗಿಲ ಬಳಿ ಸಾಲಾಗಿ ಇಟ್ಟ ಒದ್ದೆ ಕೊಡೆಗಳನ್ನು ಕಂಡಾಗ ನಮ್ಮಲ್ಲಿ ಒಂದು ಪ್ರಶ್ನೆ ಎದ್ದಿತು. ಪೂಜೆಗೆ ಬರಲು, ಕೆಲಸಕ್ಕೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಮಳೆ ನಮಗೆ ಅಡ್ಡಿಯಾಗುವುದಿಲ್ಲ. ಆದರೆ ಹೊಸ ವರ್ಷದಲ್ಲಿ ಹುಮ್ಮಸ್ಸಿನಿಂದ ಆರಂಭಿಸಿದ ಬೆಳಗಿನ ಓಟ ಮಾತ್ರ ಮೊದಲ ಮಳೆಗೇ ನಿಂತುಬಿಡುತ್ತದೆ. ಇದೇಕೆ?

ನಮ್ಮ ಕಥೆಯೂ ಇದೇ. ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿದೆ, ದಿನವೂ ಮೈ ಬೆವರಬೇಕು ಎಂದು ವೈದ್ಯರು ಎಚ್ಚರಿಸಿದಾಗ ನಾವು ಓಡಲು ತೊಡಗಿದೆವು. ಮೇ ತಿಂಗಳವರೆಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಜೂನ್‌ನಲ್ಲಿ ಮಳೆ ಬಂತು. 'ಮಳೆ ನಿಲ್ಲಲಿ' ಎಂದೆವು. ಮಳೆ ನಿಂತ ದಿನ 'ಇಂದು ಸಭೆಯಿದೆ' ಎಂದೆವು. ಸಭೆಯಿಲ್ಲದ ದಿನ 'ನಿದ್ದೆ ಸಾಲದು' ಎಂದೆವು. ಅಕ್ಟೋಬರ್‌ನಲ್ಲಿ ಮತ್ತೆ ಮೈದಾನಕ್ಕಿಳಿದಾಗ ಅರ್ಧ ಸುತ್ತಿಗೇ ಏದುಸಿರು. ಪೀಠಸೇವೆಯ ಹುಡುಗರ ಮುಂದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆವು! ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯ ಅರ್ಥ ಅಂದು ಚೆನ್ನಾಗಿ ತಿಳಿಯಿತು.

ಪ್ರಿಯರೇ, ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು ತಮ್ಮ ಬಾಳನ್ನು ಒಂದು ಓಟಕ್ಕೆ ಹೋಲಿಸಿ, ಅದನ್ನು ಕೊನೆಮುಟ್ಟಿಸಿದ ಸಂತೃಪ್ತಿಯನ್ನು ತಿಮೊಥೇಯನಿಗೆ ತಿಳಿಸುತ್ತಾರೆ. ಓಟದ ಹೋಲಿಕೆ ಅವರಿಗೆ ಸಹಜವಾಗಿತ್ತು. ಅವರು ಒಂದೂವರೆ ವರ್ಷ ನೆಲೆಸಿದ್ದ ಕೊರಿಂಥದ ಸಮೀಪದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯಾದ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಸಿಗುತ್ತಿದ್ದುದು ಬಾಡಿಹೋಗುವ ಒಂದು ಎಲೆಯ ಕಿರೀಟ ಮಾತ್ರ. ಅಷ್ಟಕ್ಕಾಗಿಯೇ ಓಟಗಾರರು ದೇಹವನ್ನು ಶಿಸ್ತಿಗೆ ಒಳಪಡಿಸುವುದನ್ನು ಪೌಲರು ಗಮನಿಸಿದ್ದರು.

ಪೌಲರಿಗೆ ಬಿಡುವು ಇತ್ತೇ? ಕೊರಿಂಥದಲ್ಲಿ ಅವರು ಗುಡಾರ ಹೊಲಿದು ದುಡಿದವರು. ಹವೆಯಾದರೂ ಅನುಕೂಲವಾಗಿತ್ತೇ? ಚಳಿ, ನಿದ್ದೆಗೇಡು, ಮೂರು ಬಾರಿ ಹಡಗು ಒಡೆದದ್ದು – ಇವೆಲ್ಲವನ್ನೂ ಅವರೇ ಪಟ್ಟಿ ಮಾಡಿದ್ದಾರೆ.

'ಅವರು ಸಂತರು, ನಾವು ಸಾಮಾನ್ಯರು' ಎನ್ನುತ್ತೀರಾ? ಹಾಗಾದರೆ ನಮ್ಮ ಕಾಲದ ಒಬ್ಬ ಗುಮಾಸ್ತರ ಕಥೆ ಕೇಳಿ. ಜಪಾನಿನ ಯೂಕಿ ಕವಾವುಚಿ ಸರ್ಕಾರಿ ಶಾಲೆಯೊಂದರ ಕಚೇರಿಯಲ್ಲಿ ಪೂರ್ಣಾವಧಿ ನೌಕರರಾಗಿದ್ದರು. ಅವರಿಗೆ ತರಬೇತುದಾರರಿರಲಿಲ್ಲ. ಸಾಮಾನ್ಯವಾಗಿ ಕೆಲಸಕ್ಕೆ ಹೋಗುವ ಮುನ್ನ ದಿನಕ್ಕೊಮ್ಮೆ ಓಡುತ್ತಿದ್ದರು, ಅಷ್ಟೇ. 2018ರ ಏಪ್ರಿಲ್ 16ರಂದು ಅವರು ಅಮೆರಿಕದ ಬೋಸ್ಟನ್ ಮ್ಯಾರಥಾನಿನಲ್ಲಿ ಓಡಿದರು. ಅಂದು ಕೊರೆಯುವ ಚಳಿ, ಸುರಿಯುವ ಮಳೆ, ಎದುರುಗಾಳಿ. ಹೆಸರಾಂತ ಓಟಗಾರರು ಹಲವರು ನಡುವೆಯೇ ಹಿಂದೆ ಸರಿದರು. ಕವಾವುಚಿ 42 ಕಿಲೋಮೀಟರಿಗೂ ಮಿಕ್ಕಿದ ದೂರವನ್ನು 2 ಗಂಟೆ 15 ನಿಮಿಷ 58 ಸೆಕೆಂಡಿನಲ್ಲಿ ಓಡಿ ಗೆದ್ದರು. ಇಂಥ ಹವೆಯೇ ತನಗೆ ಅತ್ಯುತ್ತಮ ಎಂದು ನಕ್ಕರು! ಅದೇ ವರ್ಷದ ಜನವರಿ 1ರಂದು ಅವರು ಸೊನ್ನೆಗಿಂತ ಸುಮಾರು 17 ಡಿಗ್ರಿ ಕೆಳಗಿನ ಚಳಿಯಲ್ಲಿ ಇನ್ನೊಂದು ಮ್ಯಾರಥಾನ್ ಓಡಿ ಬಂದಿದ್ದರು.

ಅಂದು ಬೋಸ್ಟನ್‌ನಲ್ಲಿ ಮಹಿಳೆಯರಲ್ಲಿ ಎರಡನೆಯ ಸ್ಥಾನ ಪಡೆದ ಸಾರಾ ಸೆಲ್ಲರ್ಸ್ ಆಸ್ಪತ್ರೆಯಲ್ಲಿ ಅರಿವಳಿಕೆ ನೀಡುವ ನರ್ಸ್. ಅವರು ಅಭ್ಯಾಸ ಮಾಡುತ್ತಿದ್ದುದು ಬೆಳಗಿನ ಜಾವದಲ್ಲಿ, ಇಲ್ಲವೇ ಪಾಳಿ ಮುಗಿದ ಮೇಲೆ.

ಇವರಿಬ್ಬರಿಗೂ ನಮ್ಮಷ್ಟೇ 24 ಗಂಟೆ. ಮನಸ್ಸು ಬರಲಿ ಎಂದು ಅವರು ಕಾದು ಕುಳಿತಿದ್ದರೆ ಅದು ಬರುತ್ತಿತ್ತೇ? ಪ್ರಿಯರೇ, ಹುಮ್ಮಸ್ಸು ಹಾಸಿಗೆಯ ಬಳಿಗೆ ಬಂದು ನಮ್ಮನ್ನು ಎಬ್ಬಿಸುವುದಿಲ್ಲ. ಅದು ಬೀದಿಯ ಮೊದಲ ತಿರುವಿನಲ್ಲಿ ನಮಗಾಗಿ ಕಾದಿರುತ್ತದೆ. ಹೊಸ್ತಿಲು ದಾಟಿದವರಿಗೆ ಮಾತ್ರ ಅದು ಸಿಗುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ತೀರ್ಮಾನವನ್ನು ರಾತ್ರಿಯೇ ಮಾಡೋಣ. ಬಟ್ಟೆ, ಬೂಟು, ಅಂಚುಳ್ಳ ಟೋಪಿಯನ್ನು ಬಾಗಿಲ ಬಳಿ ಇಟ್ಟು ಮಲಗೋಣ. ಬೆಳಿಗ್ಗೆ ಕಿಟಕಿ ತೆರೆದು ಮಳೆಯೊಡನೆ ಚರ್ಚೆಗೆ ಕೂತರೆ ಗೆಲ್ಲುವುದು ಮಳೆಯೇ!

ಎರಡನೆಯದಾಗಿ, ಗುರಿ ಚಿಕ್ಕದಿರಲಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಅಥವಾ 75 ನಿಮಿಷ ಬಿರುಸಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರಕ್ಕೆ ಮೂರು ದಿನ, 25 ನಿಮಿಷದ ಓಟ. 'ಹತ್ತು ನಿಮಿಷ ಓಡಿ ಮರಳುತ್ತೇನೆ' ಎಂದು ಹೊರಟರೆ ಸಾಕು. ಹತ್ತು ನಿಮಿಷ ನೆನೆದವರಿಗೆ ಮತ್ತೆ ನೆನೆಯುವ ಭಯವಿರದು.

ಮೂರನೆಯದಾಗಿ, ಜೊತೆ ಹುಡುಕೋಣ. ಪತಿ-ಪತ್ನಿ, ತಂದೆ-ಮಗಳು, ನೆರೆಮನೆಯವರು – ಯಾರಾದರೂ ಸರಿ. ಗೇಟಿನ ಬಳಿ ಒಬ್ಬರು ನೆನೆಯುತ್ತಾ ಕಾದಿದ್ದಾರೆಂದರೆ ಹೊದಿಕೆ ತಾನಾಗಿ ಸರಿಯುತ್ತದೆ.

ಆದರೆ ಧೈರ್ಯ ಬೇರೆ, ದುಸ್ಸಾಹಸ ಬೇರೆ. ಗುಡುಗು ಕೇಳಿಸಿದರೆ ಒಳಗೇ ಇರೋಣ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯೋಣ. ನೀರು ಹರಿಯುವ ರಸ್ತೆ, ಜೋತುಬಿದ್ದ ವಿದ್ಯುತ್ ತಂತಿಗಳಿಂದ ದೂರವಿರೋಣ. ಮಬ್ಬುಗತ್ತಲಲ್ಲಿ ವಾಹನದವರಿಗೆ ಕಾಣುವಂಥ ತಿಳಿಬಣ್ಣದ ಬಟ್ಟೆ ತೊಡೋಣ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಮನೆಗೆ ಬಂದೊಡನೆ ಒದ್ದೆ ಬಟ್ಟೆ ಬದಲಿಸಿ, ಕಾಲ್ಬೆರಳ ಸಂದುಗಳನ್ನು ಒರೆಸಿಕೊಳ್ಳೋಣ. ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿದರೆ ಅದು ತೇವವನ್ನು ಹೀರಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಮಾತು. 'ಕುಟುಂಬಕ್ಕಾಗಿ ದುಡಿಯುತ್ತಿದ್ದೇವೆ, ನಮಗಾಗಿ ಸಮಯವೆಲ್ಲಿ?' ಎಂದು ನಾವು ಹೇಳುತ್ತೇವೆ. ಆದರೆ ನಮ್ಮ ದೇಹ ನಮ್ಮೊಬ್ಬರದ್ದೇ ಅಲ್ಲ. ನಾಳೆ ನಾವು ಹಾಸಿಗೆ ಹಿಡಿದರೆ ರಾತ್ರಿಯಿಡೀ ಎಚ್ಚರವಿರಬೇಕಾದವರು ಅದೇ ಹೆಂಡತಿ, ಅದೇ ಗಂಡ, ಅದೇ ಮಕ್ಕಳು. ಮಳೆಯಲ್ಲಿ ಓಡುವ ಆ 25 ನಿಮಿಷ ಕುಟುಂಬದಿಂದ ಕದ್ದ ಸಮಯವಲ್ಲ, ಕುಟುಂಬಕ್ಕೆ ಕೊಟ್ಟ ಸಮಯ.

ಈ ವರ್ಷ ನಮ್ಮ ಬೂಟುಗಳು ಕಪಾಟು ಸೇರಿಲ್ಲ. ಇಂದು ಬೆಳಿಗ್ಗೆಯೂ ಒದ್ದೆಯಾಗಿಯೇ ಮರಳಿ, ಜಗಲಿಯಲ್ಲಿ ಒಣಗುತ್ತಿವೆ. ನಿಮ್ಮ ಬೂಟುಗಳು ಎಲ್ಲಿವೆ? ಮನೆಗೆ ಹೋದವರೇ ಹುಡುಕಿ, ಇಂದು ರಾತ್ರಿ ಬಾಗಿಲ ಬಳಿ ಇಡಿ. ಓಟವನ್ನು ಕೊನೆಮುಟ್ಟಿಸಿದ ಸಂತ ಪೌಲರು ನಮ್ಮ ಮೊದಲ ಹೆಜ್ಜೆಗೆ ಬಲ ನೀಡಲಿ. ಆಮೆನ್.