ಮೋಟಾರು ಕಾರ್ಖಾನೆಯಲ್ಲಿ ನಾಲ್ಕು ವಾರ

(ಅರಸೀಕೆರೆ ತಾಲ್ಲೂಕಿನ ತೆಂಗು ಬೆಳೆಗಾರರ ಸಭೆಯೊಂದರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಸಭೆ ಸೇರಿರುವುದು ತೆಂಗಿನ ಕಪ್ಪುತಲೆ ಹುಳುವಿನ ವಿಚಾರವಾಗಿ. ಕಾರು ತಯಾರಿಸುವ ಕಾರ್ಖಾನೆಯನ್ನು ನೋಡಿಬಂದ ಹುಡುಗನಿಗೆ ಇಲ್ಲೇನು ಕೆಲಸ ಎಂದು ತಮಗೆ ಅನ್ನಿಸಬಹುದು. ಕರೆದಾಗ ನನಗೂ ಹಾಗೆಯೇ ಅನ್ನಿಸಿತು. ಆದರೆ ಅಲ್ಲಿ ಕಲಿತ ಒಂದು ಸಂಗತಿ ನೇರವಾಗಿ ಬಂದು ನಮ್ಮ ಮನೆಯ ತೋಟಕ್ಕೇ ತಟ್ಟಿತು. ಅದನ್ನು ಅರಿಕೆ ಮಾಡಿಕೊಳ್ಳಲು ನಿಂತಿದ್ದೇನೆ. ನಮ್ಮ ತಂದೆಯವರು ಇಲ್ಲೇ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಮಾತನಾಡುತ್ತಿದ್ದೇನೆ.

ನಾನು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರಶಾಸ್ತ್ರ ಓದುತ್ತಿದ್ದೇನೆ. ಬರಿಯ ಪುಸ್ತಕದ ಓದು ಸಾಲದೆಂದು ನಮ್ಮನ್ನು ಕೆಲವು ವಾರ ಕಾರ್ಖಾನೆಗೆ ಕಳುಹಿಸುತ್ತಾರೆ. ಅದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕುಲುಮೆಯ ಪಕ್ಕದಲ್ಲಿ ಕುಳಿತು ತಿದಿ ಒತ್ತುವ ಕಾಲ. ನನಗೆ ಸಿಕ್ಕಿದ್ದು ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ. ಅರಸೀಕೆರೆಯಲ್ಲಿ ರೈಲು ಹತ್ತಿ ತಿಪಟೂರು, ತುಮಕೂರು ಹಾದು ಬೆಂಗಳೂರಿಗೆ ಹೋಗಿ, ಅಲ್ಲಿ ಮೈಸೂರು ಕಡೆಯ ಗಾಡಿಗೆ ಬದಲಾಯಿಸಿಕೊಂಡರೆ ಬಿಡದಿ ಸಿಗುತ್ತದೆ. ಅಲ್ಲಿಯ ತಟ್ಟೆ ಇಡ್ಲಿಯ ವಿಚಾರ ಕೇಳಬೇಡಿ. ಅದಕ್ಕೇ ಬೇರೆ ಸಭೆ ಬೇಕಾದೀತು.

ಆ ಕಾರ್ಖಾನೆಯ ಹೆಸರಿನಲ್ಲಿ ಎರಡು ಮನೆತನಗಳಿವೆ. ಎರಡಕ್ಕೂ ಹಳ್ಳಿಯ ನಂಟಿದೆ. ಕಿರ್ಲೋಸ್ಕರ್ ಎಂದರೆ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ. ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿ ಇಟ್ಟಿದ್ದ ಅವರು ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿ ಮಾರಲು ಹೊರಟರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆಂದು ಆ ಕಾಲದ ರೈತರು ನೇಗಿಲನ್ನು ಮುಟ್ಟಲು ಹಿಂಜರಿದರಂತೆ. ಟೊಯೋಟದ ಕಥೆ ಮಗ್ಗದಿಂದ ಆರಂಭವಾಗುತ್ತದೆ. ಜಪಾನಿನ ಒಂದು ಹಳ್ಳಿಯಲ್ಲಿ 1867ರಲ್ಲಿ ಬಡಗಿಯ ಮಗನಾಗಿ ಹುಟ್ಟಿದ ಸಕಿಚಿ ಟೊಯೋಡ ಎಂಬಾತ ಮಗ್ಗವನ್ನು ಸುಧಾರಿಸುವುದರಲ್ಲೇ ಆಯುಷ್ಯ ಕಳೆದ. 1924ರಲ್ಲಿ ಪೂರ್ಣಗೊಂಡ ಅವನ ಯಂತ್ರಮಗ್ಗದ ಹೆಚ್ಚುಗಾರಿಕೆ ಕೇಳಿ: ಒಂದು ನೂಲು ತುಂಡಾದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಅಲ್ಲಿಯವರೆಗೆ ನೂಲು ತುಂಡಾದರೂ ಮಗ್ಗ ನೇಯುತ್ತಲೇ ಹೋಗಿ, ಯಾರಾದರೂ ನೋಡುವಷ್ಟರಲ್ಲಿ ಗಜಗಟ್ಟಲೆ ಬಟ್ಟೆ ಕೆಟ್ಟಿರುತ್ತಿತ್ತು. ಸಕಿಚಿಯ ಮಗ ಕಿಚಿರೊ ಮೋಟಾರು ಗಾಡಿಗಳ ಕಡೆಗೆ ಹೊರಳಿದ. 1937ರಲ್ಲಿ ಟೊಯೋಟ ಮೋಟಾರು ಕಂಪೆನಿ ಸ್ಥಾಪನೆಯಾಯಿತು. ಬಿಡದಿಯ ಕಂಪೆನಿ ಸ್ಥಾಪನೆಯಾದದ್ದು 1997ರಲ್ಲಿ. 1999ರ ಕೊನೆಯಲ್ಲಿ ಅಲ್ಲಿ ಗಾಡಿ ತಯಾರಾಗತೊಡಗಿತು. ಕ್ವಾಲಿಸ್ ಗಾಡಿ ತಮಗೆಲ್ಲ ನೆನಪಿರಬೇಕು. ಅದೇ ಅವರ ಮೊದಲ ಗಾಡಿ.

ಒಳಗೆ ಹೋದ ಮೊದಲ ದಿನ ಕಲಿಸಿದ್ದು ನಡೆಯುವುದನ್ನು! ಗಾಡಿ ಓಡಾಡುವ ದಾರಿಯನ್ನು ದಾಟುವ ಕಡೆಗಳಲ್ಲಿ ನಿಂತು, ಎಡಕ್ಕೆ, ಬಲಕ್ಕೆ ಬೆರಳು ತೋರಿಸಿ ನೋಡಿಕೊಂಡೇ ದಾಟಬೇಕು. ಎಂಜಿನಿಯರಿಂಗ್ ಓದಿದವನಿಗೆ ಇದೆಂಥ ಮಕ್ಕಳಾಟ ಎಂದುಕೊಂಡೆ. ಮೂರನೆಯ ದಿನಕ್ಕೆ ಕೈ ತಾನಾಗಿಯೇ ಮೇಲೇಳುತ್ತಿತ್ತು.

ಕಾರು ಜೋಡಿಸುವ ಸಾಲನ್ನು ನಮ್ಮ ಜಾತ್ರೆಯ ತೇರಿಗೆ ಹೋಲಿಸಬಹುದು. ತೇರು ನಿಧಾನವಾಗಿ ಸಾಗುತ್ತದೆ. ದಾರಿಯುದ್ದಕ್ಕೂ ನಿಂತವರು ತಮ್ಮ ತಮ್ಮ ಸೇವೆ ಸಲ್ಲಿಸುತ್ತಾರೆ. ಅಲ್ಲಿಯೂ ಅಷ್ಟೆ. ಒಬ್ಬರು ಬಾಗಿಲಿನ ಕೆಲಸ, ಒಬ್ಬರು ಆಸನದ ಕೆಲಸ, ಒಬ್ಬರು ಗಾಲಿಯ ಕೆಲಸ. ಒಬ್ಬೊಬ್ಬರಿಗೂ ಗೊತ್ತಾದ ಹೊತ್ತು ಉಂಟು. ಸಾಮಾನನ್ನು ರಾಶಿ ಹಾಕಿಕೊಳ್ಳುವುದಿಲ್ಲ. ಬೇಕಾದದ್ದು ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರುತ್ತದೆ. ಉಂಡೆ ಕೊಬ್ಬರಿಗಾಗಿ ವರ್ಷದ ಕಾಯನ್ನೆಲ್ಲ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯುವ ನಮಗೆ ಇದು ವಿಚಿತ್ರ. ಆದರೆ ಕೊಬ್ಬರಿ ಅಟ್ಟದ ಮೇಲೆ ಕೂತರೇ ಆಗುವುದು, ಕಾರಿನ ಬಾಗಿಲು ಹಾಗಲ್ಲ. ಅವರು ಮಾಡುವುದನ್ನೆಲ್ಲ ನಾವೂ ಮಾಡಬೇಕೆಂದು ಹೇಳಲು ನಾನು ಬಂದಿಲ್ಲ.

ನನ್ನ ಗಮನ ಸೆಳೆದದ್ದು ಒಂದು ಹಗ್ಗ. ಕೆಲಸಗಾರರ ತಲೆಯ ಮೇಲೆ ಸಾಲಿನುದ್ದಕ್ಕೂ ಅದು ತೂಗಾಡುತ್ತಿರುತ್ತದೆ. ತನ್ನ ಕೆಲಸದಲ್ಲಿ ಏನಾದರೂ ಸರಿಕಾಣದಿದ್ದರೆ ಕೆಲಸಗಾರ ಅದನ್ನು ಎಳೆಯುತ್ತಾನೆ. ದೀಪ ಹತ್ತುತ್ತದೆ, ಸಂಗೀತ ಕೇಳುತ್ತದೆ, ತಂಡದ ಮುಖ್ಯಸ್ಥ ಬರುತ್ತಾನೆ. ಗೊತ್ತಾದ ಗೆರೆ ದಾಟುವುದರೊಳಗೆ ಸರಿಹೋದರೆ ಸಾಲು ಸಾಗುತ್ತದೆ. ಇಲ್ಲವಾದರೆ ಸಾಲೇ ನಿಲ್ಲುತ್ತದೆ. ಸಕಿಚಿಯ ಮಗ್ಗದ ತತ್ವವೇ ಇದು. ಎಳೆದವನನ್ನು ಯಾರೂ ಬೈಯುವುದಿಲ್ಲ. ಸಾಮಾನ್ಯ ಕೆಲಸಗಾರನ ಕೈಗೆ ಅಷ್ಟು ಅಧಿಕಾರ ಕೊಟ್ಟಿರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಈಗ ನನ್ನ ತಪ್ಪಿನ ವಿಚಾರ. ಕೆಲಸಗಾರರೊಬ್ಬರು ಸಾಮಾನಿನ ಕಪಾಟಿಗೆ ಎಷ್ಟು ಹೆಜ್ಜೆ ನಡೆಯುತ್ತಾರೆ, ಎಷ್ಟು ಕ್ಷಣ ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಬರೆಯುವುದು ನನಗೆ ವಹಿಸಿದ ಕೆಲಸ. ನಲವತ್ತು ಸಲ ಬರೆಯಬೇಕಾಗಿತ್ತು. ಆರು ಸಲ ನನ್ನಿಂದ ತಪ್ಪಿಹೋಯಿತು. ಕೇಳಿದರೆ ಅವಮಾನವೆಂದು ಆ ಆರು ಮನೆಗಳಿಗೆ ಅಂದಾಜಿನ ಅಂಕಿ ತುಂಬಿದೆ. ಎರಡು ದಿನ ಯಾರಿಗೂ ತಿಳಿಯಲಿಲ್ಲ. ಆಮೇಲೆ ನನ್ನ ಲೆಕ್ಕವನ್ನು ನೋಡಿ ಕಪಾಟನ್ನು ಎಲ್ಲಿಗೆ ಸರಿಸಬೇಕೆಂದು ಮಾತು ನಡೆಯಿತು. ರಾತ್ರಿ ನಿದ್ರೆ ಬರಲಿಲ್ಲ. ಆ ಕಪಾಟಿಗೆ ದಿನವಿಡೀ ನಡೆಯಬೇಕಾದವರು ಇನ್ನೊಬ್ಬರು, ನಾನಲ್ಲ. ಬೆಳಗ್ಗೆ ಹೋಗಿ ಮುಖ್ಯಸ್ಥರಲ್ಲಿ ಒಪ್ಪಿಕೊಂಡೆ.

ಅವರು ರೇಗಲಿಲ್ಲ. "ಬಾರಪ್ಪ, ಕೂತ್ಕೊ. ಯಾಕೆ ತಪ್ಪಿತು ಹೇಳು" ಎಂದರು. ಬರೆಯುವಷ್ಟರಲ್ಲಿ ಮುಂದಿನ ಕಾರು ಬಂದುಬಿಡುತ್ತಿತ್ತು ಎಂದೆ. ಯಾಕೆ? ಹಾಳೆ ತಿರುವಬೇಕಾಗಿತ್ತು. ಯಾಕೆ? ಹೆಜ್ಜೆಯ ಲೆಕ್ಕ ಒಂದು ಮಗ್ಗುಲಿಗೆ, ಹೊತ್ತಿನ ಲೆಕ್ಕ ಹಿಂದಿನ ಮಗ್ಗುಲಿಗೆ. ಯಾಕೆ ಹಾಗೆ ಮಾಡಿದೆ? ನಾನು ನಮೂನೆಯನ್ನು ಗೀಟು ಹಾಕುವಾಗ ಒಂದು ಸಲವೂ ನಿಂತುಕೊಂಡು ಬರೆದು ನೋಡಿರಲಿಲ್ಲ. ಅಷ್ಟೇ. ಹಾಳೆಯನ್ನು ಒಂದೇ ಮಗ್ಗುಲಿಗೆ ಬರುವಂತೆ ಮಾಡಿಕೊಂಡು ನಲವತ್ತನ್ನೂ ಮತ್ತೆ ಬರೆದೆ. "ಮೊದಲನೇ ಸಲ ತಪ್ಪಿದಾಗಲೇ ಕೂಗಿದ್ದರೆ ಎರಡು ದಿನ ಉಳೀತಿತ್ತು" ಎಂದರು. ಅದೊಂದೇ ಬೈಗುಳ.

ಊರಿಗೆ ಬಂದ ಮೇಲೆ ತೋಟಕ್ಕೆ ಹೋದೆ. ಕೆರೆ ಕಡೆಯ ಸಾಲಿನ ಮರಗಳು ದೂರದಿಂದಲೇ ಬೆಂಕಿ ತಗುಲಿದಂತೆ ಕಂದಿದ್ದವು. ಗರಿ ತಿರುಗಿಸಿದರೆ ಹಿಕ್ಕೆಯಿಂದಲೂ ನೂಲಿನಿಂದಲೂ ಕಟ್ಟಿಕೊಂಡ ಗೂಡು. ಒಳಗೆ ಹುಳು ಹಸಿರನ್ನು ಕೆರೆದು ತಿನ್ನುತ್ತಿತ್ತು. ತಂದೆಯವರನ್ನು ಕೇಳಿದೆ. ಮೊದಲು ಕಂಡದ್ದು ಒಂದೇ ಮರದಲ್ಲಂತೆ, ಅದೂ ಎರಡು ಬೇಸಗೆಯ ಹಿಂದೆ. ಯಾಕೆ ಯಾರಿಗೂ ಹೇಳಲಿಲ್ಲ? ಬಹಳ ಹೊತ್ತು ಸುಮ್ಮನಿದ್ದರು. ನನ್ನ ಕಾಲೇಜಿನ ಶುಲ್ಕಕ್ಕೆಂದು ಆಗ ಕೊಬ್ಬರಿ ವ್ಯಾಪಾರಿಯೊಬ್ಬರಿಂದ ಮುಂಗಡ ಪಡೆದಿದ್ದರು. ತೋಟಕ್ಕೆ ರೋಗ ಬಿದ್ದಿದೆ ಎಂಬ ಸುದ್ದಿ ಹಬ್ಬಿದರೆ ಮುಂದಿನ ಕಂತಿಗೆ ಯಾರು ಕೊಡುತ್ತಾರೆ ಎಂದು ಹೆದರಿದರು. ನನ್ನ ಶುಲ್ಕ ಕಟ್ಟಿ ಆಯಿತು. ನಲವತ್ತೆರಡು ಮರ ಕಂದಿದವು. ಬೇಲಿಯಾಚೆಯ ದೊಡ್ಡಪ್ಪನ ತೋಟಕ್ಕೂ ದಾಟಿತು. ಅವರೂ ಹೇಳಿರಲಿಲ್ಲ.

ನಮ್ಮ ತೋಟಗಳಲ್ಲಿ ಆ ಹಗ್ಗ ಇಲ್ಲ. ಇದ್ದರೂ ನಾವು ಎಳೆಯುತ್ತೇವೋ ಇಲ್ಲವೋ ಎಂಬ ಅನುಮಾನ ನನಗಿದೆ. ಅಂಕಿ ತುಂಬಿದವನು ನಾನೇ ಅಲ್ಲವೆ?

ಈ ಹುಳುವಿಗೆ ಉಪಾಯ ಇಲ್ಲದಿಲ್ಲ. ಹೆಚ್ಚು ಕೆಟ್ಟಿರುವ ಕೆಳಗರಿಗಳನ್ನು ಕಡಿದು ಸುಡಬೇಕು. ಗೋನಿಯೋಜಸ್ ಎಂಬ ಇರುವೆಯಂಥ ಸಣ್ಣ ಪರೋಪಜೀವಿ ಕೀಟವಿದೆ. ಅದು ಈ ಹುಳುವನ್ನು ಕುಟುಕಿ ಮಂಕಾಗಿಸಿ ಅದರ ಮೇಲೆಯೇ ಮೊಟ್ಟೆಯಿಡುತ್ತದೆ. ಮರಿಗಳಿಗೆ ಆ ಹುಳುವೇ ಆಹಾರ. ಇದನ್ನು ಒಂದು ಸಲ ಬಿಟ್ಟು ಕೈತೊಳೆದುಕೊಂಡರೆ ಸಾಲದು, ಹಲವು ಕಂತಿನಲ್ಲಿ ಬಿಡಬೇಕು. ಬಿಟ್ಟ ಮೇಲೆ ವಿಷದ ಔಷಧಿ ಸಿಂಪಡಿಸಿದರೆ ಈ ಉಪಕಾರಿ ಕೀಟವೂ ಸಾಯುತ್ತದೆ. ಮರಕ್ಕೆ ಎಷ್ಟು, ಯಾವಾಗ ಎಂಬುದನ್ನು ನಮ್ಮ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದವರನ್ನಾಗಲಿ ತೋಟಗಾರಿಕೆ ಇಲಾಖೆಯವರನ್ನಾಗಲಿ ಕೇಳಿಯೇ ಮಾಡತಕ್ಕದ್ದು. ಒಬ್ಬರ ತೋಟದಲ್ಲಿ ಬಿಟ್ಟು ಪಕ್ಕದವರದ್ದು ಹಾಗೇ ಉಳಿದರೆ ಅಲ್ಲಿಯ ಪತಂಗ ಹಾರಿ ಬಂದು ಮತ್ತೆ ಮೊಟ್ಟೆಯಿಡುತ್ತದೆ. ಆದ್ದರಿಂದಲೇ ಎಲ್ಲರ ಲೆಕ್ಕವೂ ಒಟ್ಟಿಗೆ ಬೇಕು.

ಇನ್ನೊಂದು ಮಾತು, ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರಿಗೆ. ಅದೇ ಬಿಡದಿಯಲ್ಲಿ 2007ರಿಂದ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಹತ್ತನೆಯ ತರಗತಿ ಮುಗಿಸಿದ, ಅನುಕೂಲವಿಲ್ಲದ ಹಳ್ಳಿಯ ಮಕ್ಕಳನ್ನು ಆರಿಸಿ, ಅಲ್ಲೇ ವಸತಿ ಕೊಟ್ಟು ಮೂರು ವರ್ಷ ಬೆಸುಗೆ, ಬಣ್ಣ, ಜೋಡಣೆ ಮುಂತಾದ ಕೆಲಸ ಕಲಿಸುತ್ತಾರೆ. ಈಗ ಹೆಣ್ಣುಮಕ್ಕಳಿಗೂ ಅವಕಾಶವಿದೆ. ಪರೀಕ್ಷೆ, ಸಂದರ್ಶನಗಳ ನಿಯಮಗಳನ್ನು ಸಂಸ್ಥೆಯಿಂದಲೇ ತಿಳಿದುಕೊಳ್ಳಿ. ನಡುವೆ ಯಾರಾದರೂ ಸೀಟು ಕೊಡಿಸುತ್ತೇನೆಂದು ಹಣ ಕೇಳಿದರೆ ಕೊಡಬೇಡಿ.

ನನ್ನ ಮಾತು ಮುಗಿಯಿತು. ಬಾಗಿಲ ಬಳಿ ಮೇಜಿನ ಮೇಲೆ ಹಾಳೆ ಇಟ್ಟಿದ್ದೇನೆ. ಯಾರ ತೋಟದಲ್ಲಿ ಎಷ್ಟು ಮರಕ್ಕೆ ಹುಳು ಬಿದ್ದಿದೆ ಎಂದು ಬರೆಸಿ ಹೋಗಿ. ಒಂದೇ ಮರವಾದರೂ ಬರೆಸಿ. ಮೊದಲನೆಯ ಸಾಲಿನಲ್ಲಿ ತಂದೆಯವರು ತಮ್ಮ ಹೆಸರನ್ನೂ ನಲವತ್ತೆರಡು ಎಂಬ ಅಂಕಿಯನ್ನೂ ತಮ್ಮ ಕೈಯಲ್ಲೇ ಬರೆದಿದ್ದಾರೆ. ಎಲ್ಲವೂ ಒಂದೇ ಮಗ್ಗುಲಿಗಿದೆ, ತಿರುವಬೇಕಾಗಿಲ್ಲ.